ಕೊನೇ ಪಂಕ್ತಿ

ಪರದೆಯ ಮೇಲಿನ ನೀಲಿ ಗೆರೆ ಕೊನೆ ಮುಟ್ಟಲು ಇನ್ನೊಂದು ಬೆರಳಗಲ ಬಾಕಿ ಇತ್ತು. ಯಾರದೋ ಮನೆಯ ನಾಮಕರಣದ ವಿಡಿಯೊ ಕಂಪ್ಯೂಟರಿನೊಳಗೆ ಬೇಯುತ್ತಿತ್ತು. ರೂಪ ಗಲ್ಲಕ್ಕೆ ಕೈಕೊಟ್ಟು ಅದನ್ನೇ ನೋಡುತ್ತ ಕೂತಿದ್ದಾಗ ಮಹದೇವಮ್ಮ ಮೆಟ್ಟಿಲು ಹತ್ತಿ ಬಂದು, ಸೆರಗಿನ ಗಂಟು ಬಿಚ್ಚಿ, ಒಂದು ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟಳು. ಸಂತೆಯಲ್ಲಿ ಕೊಂಡ ಕೋಳಿಯನ್ನು ವಾಪಸು ತಂದವರ ಮುಖ ಹೇಗಿರುತ್ತದೋ ಹಾಗಿತ್ತು ಅವಳ ಮುಖ.

“ಇದ್ರಲ್ಲಿ ಏನೂ ಇಲ್ಲ ಕಣಮ್ಮ. ಟೀವಿಗೆ ಚುಚ್ಚುದ್ರೆ ಕಪ್ಪಗೆ ಕುಂತ್ಕತದೆ. ನನ್ ಮಗ ಪ್ರೀತಂ ಯಾರ್ದೋ ಲ್ಯಾಪ್‌ಟಾಪ್‌ಗೆ ಆಕ್ದ, ಅದು ತೆವಳ್ಕಂಡು ತೆವಳ್ಕಂಡು ಓಡಿ ನಿಂತೋಯ್ತು.”

ರೂಪಳಿಗೆ ಕಸಿವಿಸಿಯಾಯಿತು. ತಿಂಗಳ ಹಿಂದೆ ನಡೆದ ಮಹದೇವಮ್ಮನ ಮಗಳು ಶೋಭಾರಾಣಿಯ ಮದುವೆಯದು. ಇದ್ದುದರಲ್ಲೇ ದೊಡ್ಡ ಅಳತೆ, ಇದ್ದುದರಲ್ಲೇ ಹೆಚ್ಚು ಗುಣಮಟ್ಟ ಹಾಕಿ, ನಲವತ್ತು ಜಿಬಿ ತೂಗುವ ಹಾಗೆ ಮಾಡಿಕೊಟ್ಟಿದ್ದಳು. ಕೆಲಸದಲ್ಲಿ ಅವಳದೊಂದು ಹಟ: ಕ್ವಾಲಿಟಿ ಇಳಿಸುವ ಮಾತು ಅವಳ ಮುಂದೆ ಎತ್ತಬಾರದು. ಹಾಗೆ ಮಾಡಿಕೊಟ್ಟದ್ದು ಗಿರಾಕಿಯ ಮನೆಯಲ್ಲಿ ಓಡುತ್ತದೆಯೇ ಎಂದು ಅವಳು ಯಾವತ್ತೂ ಕೇಳಿದವಳಲ್ಲ.

ಭಾರತೀನಗರದಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ, ಅವಳದೂ ಗಂಡ ಶಶಿಧರನದೂ ಸೇರಿ ಒಂದು ಸ್ಟುಡಿಯೊ. ಕ್ಯಾಮೆರಾ ಹಿಡಿಯುವುದು ಅವನು, ಕತ್ತರಿ ಹಿಡಿಯುವುದು ಇವಳು. ಕಬ್ಬು ಅರೆಯುವ ಕಾಲದಲ್ಲಿ ಕೆಳಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿದರೆ ಮೇಲಿನ ಮೇಜೂ ನಡುಗುತ್ತದೆ. ಹೊಲಗದ್ದೆಯ ಕೆಲಸವಿಲ್ಲದ ದಿನಗಳಲ್ಲಿ ಮದುವೆಗಳು, ಮದುವೆಗಳಿಲ್ಲದ ದಿನಗಳಲ್ಲಿ ಪಾಸ್‌ಪೋರ್ಟ್ ಫೋಟೊ. ಹೀಗೆ ಬದುಕು ಚೆನ್ನಾಗಿಯೇ ನಡೆದಿತ್ತು.

“ಟೀವಿ ಗೀವಿ ಬ್ಯಾಡ ಬುಡು,” ಎಂದು ಮಹದೇವಮ್ಮ ಫೋನನ್ನು ಪೆನ್‌ಡ್ರೈವಿನ ಪಕ್ಕಕ್ಕೆ ಸರಿಸಿದಳು. “ಇದುಕ್ಕೆ ತುಂಬ್ಕೊಡು. ಬಾನ್ವಾರದೊಳ್ಗೆ ಬೇಕು.”

ಹಳೆಯ ಫೋನು, ಮೂಲೆಯಲ್ಲಿ ಸೀಳು ಬಿಟ್ಟಿತ್ತು. ಗುಲಾಬಿ ಹೂವಿನ ಶುಭ ಮುಂಜಾನೆಗಳೇ ಅದರೊಳಗೆ ರಾಶಿ ಬಿದ್ದಿದ್ದವು. ಅವನ್ನೆಲ್ಲ ಗುಡಿಸಿದರೂ ಒಂದು ಜಿಬಿಯ ಮೇಲೆ ಚಿಲ್ಲರೆ ಜಾಗ ಸಿಕ್ಕೀತು, ಅಷ್ಟೆ. ಆನೆಯನ್ನು ಗುಬ್ಬಿಯ ಗೂಡಿಗೆ ನುಗ್ಗಿಸುವ ಕೆಲಸ. ಅಂಥ ಅವಸರ ಏನು ಎಂದು ರೂಪ ಕೇಳಿದಳು. ಮಹದೇವಮ್ಮ ಸ್ಟೂಲಿನ ಮೇಲೆ ಕೂತಳು, ಸೆರಗಿನಿಂದ ಕತ್ತು ಒರೆಸಿಕೊಂಡಳು, ಆಮೇಲೆ ಹೇಳಿದಳು.

ಅವಳ ಅಣ್ಣ ಪುಟ್ಟಸ್ವಾಮಿ ಮಳವಳ್ಳಿಯಿಂದಾಚೆಯ ಹಳ್ಳಿಯವನು. ಶೋಭಾರಾಣಿಗೆ ಸೋದರಮಾವ. ಲಗ್ನಪತ್ರಿಕೆ ದೇವರ ಮುಂದಿಟ್ಟ ಮೇಲೆ ಮೊದಲು ಹೋಗಬೇಕಾದದ್ದು ಸೋದರಮಾವನ ಮನೆಗೆ. ಮಹದೇವಮ್ಮನ ಗಂಡ ಲಿಂಗಯ್ಯ ಮದ್ದೂರಿನಲ್ಲಿ ಪತ್ರಿಕೆ ಅಚ್ಚು ಹಾಕಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ. ದಾರಿಯಲ್ಲಿ ತನ್ನ ಸ್ವಂತ ಅಣ್ಣನ ಊರು ಸಿಕ್ಕಿತು. ಹೇಗೂ ಬಸ್ಸು ನಿಂತಿದೆಯಲ್ಲ ಎಂದು ಇಳಿದು ಒಂದು ಪತ್ರಿಕೆ ಕೊಟ್ಟುಬಿಟ್ಟ. ಪತ್ರಿಕೆ ಮಳವಳ್ಳಿ ತಲುಪುವುದಕ್ಕೆ ಮೊದಲೇ ಸುದ್ದಿ ತಲುಪಿತು. ‘ನಾನು ಎರಡನೇಯೋನಾ? ನಿನ್ ಮನೇಲಿ ಕೈ ತೊಳೆಯಾಕಿಲ್ಲ’ ಎಂದು ಪುಟ್ಟಸ್ವಾಮಿ ಹೇಳಿಕಳಿಸಿದ. ಆ ಕಡೆ ಕೈ ತೊಳೆಯುವುದಿಲ್ಲ ಎಂದರೆ ಉಣ್ಣುವುದಿಲ್ಲ ಎಂದೇ ಅರ್ಥ.

“ಧಾರೆಗೂ ಬರ್ನಿಲ್ಲ. ಎಣ್ಣಿನ್ ಕೈ ಇಡ್ಕಂಡು ಮಂಟಪಕ್ಕೆ ಕರ್ಕಂಡೋಗೋನೇ ಇಲ್ಲ. ಪಕ್ಕದ್ ಮನೇರು ಕರ್ಕಂಡೋದ್ರು. ಮಾರ್ನೆ ದಿನ ಬೀಗ್ರೂಟಕ್ಕೆ, ದೀಪ ಅಚ್ಚೋ ಒತ್ನಲ್ಲಿ ಬಂದಿದ್ನಂತೆ. ನಾನು ಇತ್ಲಲ್ಲಿ ಪಾತ್ರೆ ತಾವ ಇದ್ದೆ. ಎದ್ನೋ ಬಿದ್ನೋ ಅಂತ ಬರೋ ಒತ್ಗೆ ಒಂಟೋಗಿದ್ದ.”

“ಉಂಡ್ರಂತಾ?”

“ಅದೇ ಕಣಮ್ಮ ಗೊತ್ತಾಗ್ಬೇಕಿರೋದು. ಉಂಡ ಅಂತಾರೆ ನಮ್ಮನೆಯೋರು. ನಾನು ಅಳ್ತೀನಿ ಅಂದ್ರೆ ಅವ್ರು ಇಲ್ದಿದ್ನೂ ಏಳ್ತಾರೆ. ಅಣ್ಣ ನೋಡುದ್ರೆ ಮಳವಳ್ಳಿ ಟೀ ಅಂಗ್ಡೀಲಿ, ‘ಓದೆ, ಮುಯ್ಯಿ ಕೊಟ್ಟೆ, ಕೈ ತೊಳೀದೆ ಬಂದೆ’ ಅಂತ ಏಳ್ಕಂಡ್ ತಿರುಗ್ತಾವ್ನೆ. ಅತ್ಗೆ ಒಂಬಾಳಮ್ಮನ್ನ ಕೇಳುದ್ರೆ, ‘ನಂಗೇನ್ ಗೊತ್ತವ್ವ, ಮನೇಗ್ ಬಂದು ಮಾತ್ರ ಉಣ್ನಿಲ್ಲ’ ಅಂದ್ಲು.”

ಹೊಂಬಾಳಮ್ಮ ದೀಪವನ್ನು ಅಡ್ಡಗೋಡೆಯ ಮೇಲೇ ಇಟ್ಟಿದ್ದಳು, ಆದರೆ ಬತ್ತಿ ಸ್ವಲ್ಪ ಈ ಕಡೆಗೇ ಏರಿಸಿದ್ದಳು. ಎಲೆ ಮುಂದೆ ಕೂತು ಉಂಡವನು ಆ ಮನೆಯ ಮೇಲೆ ಮುನಿಸು ಸಾಧಿಸುವಂತಿಲ್ಲ. ಸುತ್ತಿನ ಹಳ್ಳಿಗಳಲ್ಲಿ ಇದಕ್ಕೆ ಮೇಲ್ಮನವಿಯೂ ಇಲ್ಲ. ಭಾನುವಾರ ಹೊಸ ಮದುಮಕ್ಕಳು ಸೋದರಮಾವನ ಮನೆಗೆ ಹೋಗಬೇಕು. ಉಂಡಿದ್ದರೆ ಮಹದೇವಮ್ಮ ತಲೆ ಎತ್ತಿಕೊಂಡು ಮಗಳನ್ನೂ ಅಳಿಯನನ್ನೂ ಕರೆದೊಯ್ಯಬಹುದು. ಉಂಡಿಲ್ಲವಾದರೆ ಹೊಸ ಅಳಿಯನ ಕಣ್ಣೆದುರಿಗೆ ತವರಿನ ಬಾಗಿಲು ಮುಚ್ಚಿಸಿಕೊಂಡು ಬರಬೇಕು.

“ಎಲ್ಲಾ ಪಂಕ್ತೀನೂ ಆಕಿದೀನಲ್ಲಮ್ಮ,” ಎಂದಳು ರೂಪ. ಅದು ಈ ಕಸುಬಿನ ಮೊದಲ ಪಾಠ. ಮದುವೆಯಲ್ಲಿ ತಾಳಿ ಕಟ್ಟುವುದು ಒಂದು ಕ್ಷಣ ತಪ್ಪಿದರೂ ಕ್ಷಮೆ ಉಂಟು, ಉಣ್ಣುವ ಸಾಲಿನಲ್ಲಿ ಒಂದು ಮುಖ ತಪ್ಪಿದರೆ ಇಲ್ಲ.

“ಪ್ರೀತಂ ಆ ಲ್ಯಾಪ್‌ಟಾಪಲ್ಲೇ ನಿಂತ್ ನಿಂತ್ ಕಡೆ ಎಳ್ದೆಳ್ದು ನೋಡವ್ನೆ. ದೀಪ ಅಚ್ಚುದ್ಮೇಲೆ ಒಂದು ಪಂಕ್ತಿ ಕುಂತಿತ್ತಲ್ಲ, ಅದೇ ಇಲ್ಲ.”

ಅದೇ ಹೊತ್ತಿಗೆ ಶಶಿಧರ್ ಎರಡು ಲೋಟ ಚಹಾ ಹಿಡಿದುಕೊಂಡು ಮೇಲೆ ಬಂದ. ಕೊನೇ ಪಂಕ್ತಿ ಎಲ್ಲಿ ಎಂದು ರೂಪ ಕೇಳಿದ್ದಕ್ಕೆ ಚಹಾ ತುಸು ತುಳುಕಿತು.

“ಅದು ವೇಸ್ಟ್ ಕ್ಲಿಪ್ಪು ಕಣೆ. ಬೆಳ್ಕೇ ಇರ್ನಿಲ್ಲ.”

“ತೆಗ್ದಿದೀಯೋ ಇಲ್ವೋ?”

“ತೆಗ್ದಿದೀನಿ. ಆದ್ರೆ ನೋಡಂಗಿಲ್ಲ ಬುಡು.”

ಹನ್ನೊಂದು ವರ್ಷದ ಸಂಸಾರದಲ್ಲಿ ರೂಪ ಗಂಡನ ಕ್ಯಾಮೆರಾವನ್ನೂ ಬಲ್ಲಳು, ಕಣ್ಣನ್ನೂ ಬಲ್ಲಳು. ಕಂಪ್ಯೂಟರಿನ ಮೂಲೆ ಮೂಲೆ ತಡಕಿ, ‘ಬೇಡ’ ಎಂಬ ಹೆಸರಿನ ಗಂಟಿನೊಳಗೆ ಅವಿತಿದ್ದ ಒಂದು ಉದ್ದನೆಯ ಕ್ಲಿಪ್ಪನ್ನು ಎಳೆದು ತೆರೆದಳು. ಕ್ಯಾಮೆರಾ ಸಾಲಿನ ತುದಿಯಲ್ಲಿ ಮುಕ್ಕಾಲಿ ಮೇಲೆ ತಾನೇ ತಾನಾಗಿ ನಿಂತಿತ್ತು. ಹಿಂದೆ ಸೀರಿಯಲ್ ಲೈಟುಗಳು ಕಣ್ಣು ಮಿಟುಕಿಸುತ್ತಿದ್ದವು. ಮೊದಲ ಎಲೆಯ ಮುಂದೆ, ಅಂಗಿಯ ತೋಳು ಮಡಚಿ, ಬೆವರು ಸುರಿಸುತ್ತ, ಮಟನ್ ಸಾರಿನಲ್ಲಿ ಮುದ್ದೆ ಅದ್ದಿ ನುಂಗುತ್ತಿದ್ದವನು ಶಶಿಧರ್.

ಸಕ್ಕರೆ ಕಾಯಿಲೆ ಶುರುವಾದ ಮೇಲೆ ಅವನಿಗೆ ಅರ್ಧ ಮುದ್ದೆ, ತುಂಡು ಮೂರು ಎಂದು ಕಟ್ಟಪ್ಪಣೆಯಾಗಿತ್ತು. ಆವತ್ತು ಮನೆಗೆ ಬಂದು ‘ಮೊಸ್ರನ್ನ ಉಂಡೆ’ ಎಂದಿದ್ದ. ಪರದೆಯ ಮೇಲೆ ಎರಡನೇ ಮುದ್ದೆ ಮುಗಿದು ಮೂರನೆಯದು ಬಿತ್ತು. ರೂಪ ಬೆರಳು ಮಡಚಿ ಎಣಿಸಿದಳು. ಬಯ್ಗುಳಕ್ಕಿಂತ ಅದೇ ಹೆಚ್ಚು ಭಯದ್ದು ಎಂದು ಅವನಿಗೆ ಗೊತ್ತಿತ್ತು.

“ಬೀಗ್ರೂಟದ್ ತಾವ ನಿಂತ್ಕಂಡು, ಆ ವಾಸ್ನೆ ಕುಡ್ಕಂಡು, ಕ್ಯಾಮ್ರಾ ಇಡ್ಕಂಡಿರೋದು ಮನ್ಸನ್ ಕೈಲಿ ಆಗಾ ಕೆಲ್ಸ ಅಲ್ಲ ಕಣೆ,” ಎಂದ ಶಶಿಧರ್ ಕೊನೆಗೆ.

ಮಹದೇವಮ್ಮ ಇವರ ಮಾತು ಕೇಳುತ್ತಿರಲಿಲ್ಲ. ಸ್ಟೂಲಿನಿಂದ ಎದ್ದು ಪರದೆಯ ಹತ್ತಿರ ಬಂದಿದ್ದಳು. ಶಶಿಧರನ ಪಕ್ಕದ ಎಲೆಯಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಲೆ ತಗ್ಗಿಸಿ ಕೂತವನೊಬ್ಬನಿದ್ದ, ದಪ್ಪ ಮೀಸೆ. ತಲೆ ಎತ್ತಿದ. ಬಡಿಸುವವನನ್ನು ಕೈಸನ್ನೆ ಮಾಡಿ ಕರೆದ. ಕ್ಯಾಮೆರಾದ ಕಿವಿಗೂ ಬೀಳುವ ಹಾಗೆ ಹೇಳಿದ: “ಇನ್ನೊಂದು ಮುದ್ದೆ ಇಕ್ಲಾ. ಸಾರು ಮೇಲ್ಗಡೆದಲ್ಲ, ತಳದ್ದು ಬುಡು.”

“ಅವ್ನೇ,” ಎಂದಳು ಮಹದೇವಮ್ಮ. ಮತ್ತೆ ಹಾಕಿಸಿದಳು. ಮತ್ತೆ ಹಾಕಿಸಿದಳು. ನಾಲ್ಕನೇ ಸಲಕ್ಕೆ ನಗು ಬಂದು, ನಗುವಿನ ಜೊತೆ ಕಣ್ಣೀರೂ ಬಂದು, ಎರಡನ್ನೂ ಒಂದೇ ಸೆರಗಿನಿಂದ ಒರೆಸಿಕೊಂಡಳು.

ಈ ತುಂಡನ್ನಷ್ಟೇ ಫೋನಿಗೆ ಹಾಕಿಕೊಟ್ಟರೆ ಆಯಿತಲ್ಲ ಎಂದು ರೂಪ ಹೇಳಿದಾಗ ಮಹದೇವಮ್ಮ ಒಪ್ಪಲಿಲ್ಲ. “ಬರೀ ಉಣ್ಣಾದ್ನ ತೋರ್ಸುದ್ರೆ ಇಕ್ಕಿದ್ನ ಎತ್ತಾಡ್ದಂಗೆ ಆಯ್ತದೆ. ಮದ್ವೆ ತೋರ್ಸ್ತಾ ತೋರ್ಸ್ತಾ ಅದೂ ಬರ್ಬೇಕು. ತಾನೇ ಕಂಡ್ಕಬೇಕು. ಇನ್ನೊಂದು, ಮೀಸೆ ನಿಚ್ಚಳವಾಗ್ ಕಾಣ್ಬೇಕು ಕಣಮ್ಮ. ಸಂದಾಗಿ ಕಾಣ್ನಿಲ್ಲ ಅಂದ್ರೆ ‘ಅದು ನಾನಲ್ಲ’ ಅಂದ್ಬುಡ್ತಾನೆ. ಜಾರಿ ಬಿದ್ರೂ ಮೀಸೆ ಮಣ್ಣಾಗ್ನಿಲ್ಲ ಅನ್ನೋ ಜಟ್ಟಿ ಅವ್ನು.”

ವಾಟ್ಸಾಪಿನಲ್ಲಿ ಕಳಿಸಿದರೆ ಅದು ಮುಖಗಳನ್ನೆಲ್ಲ ಅರೆದು ಕಳಿಸುತ್ತದೆ. ಇಂಟರ್ನೆಟ್ಟಿನಲ್ಲಿಟ್ಟು ತೋರಿಸೋಣವೆಂದರೆ ಪುಟ್ಟಸ್ವಾಮಿಯ ಊರಿನಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಬೇವಿನ ಮರ ಹತ್ತಬೇಕು. ಒಂದೂವರೆ ಗಂಟೆಯ ಮದುವೆ ಪೂರ್ತಿ, ಒಂದು ಜಿಬಿಯೊಳಗೆ, ಮೀಸೆಯ ಸಮೇತ ಈ ಸೀಳು ಫೋನಿನಲ್ಲೇ ಕೂರಬೇಕು. ಬೇರೆ ದಾರಿ ಇರಲಿಲ್ಲ. ಮಹದೇವಮ್ಮ ಫೋನನ್ನು ಅಲ್ಲೇ ಬಿಟ್ಟು, ತಾನು ಕೂಲಿಗೆ ಹೋಗುವ ವಿ.ಸಿ. ಫಾರಂನಲ್ಲಿ ನಾಟಿ ಇದೆ, ನಾಳೆ ಸಂಜೆ ಬತ್ತೀನಿ ಎಂದು ಹೊರಟುಹೋದಳು.

ರೂಪ ಮರುದಿನ ಬೆಳಿಗ್ಗೆ ಕೂತಳು. ಮೊದಲು ಕೊನೇ ಪಂಕ್ತಿಯನ್ನು ಅದರ ಜಾಗದಲ್ಲಿ ಸೇರಿಸಿದಳು. ಆಮೇಲೆ ಚಿತ್ರದ ಅಳತೆಯನ್ನು ಮುಟ್ಟದೆ ಬಿಟ್‌ರೇಟ್ ಒಂದನ್ನೇ ಇಳಿಸಿದಳು. ಬಿಟ್‌ರೇಟ್ ಎಂದರೆ ವಿಡಿಯೊದ ಒಂದೊಂದು ಸೆಕೆಂಡಿಗೂ ಅಳೆದು ಕೊಡುವ ಪಡಿ. ಪಡಿ ಕಡಿಮೆಯಾದರೆ ಫೈಲು ಸಣ್ಣದಾಗುತ್ತದೆ, ಅಷ್ಟು ಅವಳಿಗೆ ಗೊತ್ತಿದ್ದದ್ದೇ. ಫೈಲೇನೋ ಸಣ್ಣದಾಯಿತು. ಹಾಕಿ ನೋಡಿದರೆ ಮದುಮಗನ ಮುಖ ಚೌಕಾಬಾರದ ಮನೆಗಳಾಗಿ ಒಡೆದಿತ್ತು, ಪುಟ್ಟಸ್ವಾಮಿ ತಲೆ ಆಡಿಸಿದಾಗ ಮೀಸೆ ಅಲ್ಲೇ ಉಳಿದು ಮುಖ ಮಾತ್ರ ಮುಂದೆ ಹೋಗುತ್ತಿತ್ತು.

“ತೂಬಲ್ಲಿ ಬೊಗ್ಸೆ ನೀರ್ ಬುಟ್ಕಂಡು ಐದೆಕ್ರೆ ಕಬ್ಬಿಗೆ ಕಟ್ಟುದ್ರೆ ಇನ್ನೇನಾದದು,” ಎಂದ ಶಶಿಧರ್. ನಿನ್ನೆಯಿಂದ ಅವನು ಕೇಳದೆಯೇ ಪಾತ್ರೆ ತೊಳೆಯುತ್ತಿದ್ದ. “ಗದ್ದೆ ಚಿಕ್ಕದ್ ಮಾಡು. ಅಷ್ಟುದ್ದದ ಫೋನಿಗೆ ನಾಕ್ ಕೆ ಯಾಕೆ?”

ಮೂರು ಮುದ್ದೆ ಉಂಡವನ ಮಾತು ಕೇಳಬೇಕಾಗಿ ಬಂತಲ್ಲ ಎಂದು ರೂಪಳಿಗೆ ಸಿಟ್ಟು ಬಂತು, ಮಾತು ಸರಿ ಎನ್ನಿಸಿದ್ದಕ್ಕೆ ಇನ್ನಷ್ಟು ಬಂತು. ಫೋರ್ ಕೆ ಅಳತೆಯನ್ನು ಏಳುನೂರ ಇಪ್ಪತ್ತಕ್ಕೆ ಇಳಿಸಿದಳು. ಅದರ ಜೊತೆಗೆ ತುಸು ಜಾಣತನ ಮಾಡಿ, ಕಡಿಮೆ ಜಾಗದಲ್ಲಿ ಹೆಚ್ಚು ಚಿತ್ರ ಹಿಡಿಸುವ ಹೊಸ ನಮೂನೆಯ ಕೋಡೆಕ್, ಅಂದರೆ ವಿಡಿಯೊವನ್ನು ಮಡಚಿಡುವ ಭಾಷೆ, ಹಾಕಿದಳು. ಕಂಪ್ಯೂಟರಿನಲ್ಲಿ ಕನ್ನಡಿಯಂತೆ ಬಂತು. ಮಹದೇವಮ್ಮನ ಫೋನಿಗೆ ಹಾಕಿದರೆ ಓಲಗ ಕೇಳಿಸಿತು, ಪರದೆ ಅಮಾವಾಸ್ಯೆ. ಹಳೆಯ ಫೋನಿಗೆ ಹೊಸ ಭಾಷೆ ತಿಳಿಯದು.

ಅಷ್ಟರಲ್ಲಿ ಆ ಫೋನಿಗೇ ಕರೆ ಬಂತು. ಪರದೆಯ ಮೇಲೆ ‘ಸಿವನಂಜಮ್ಮ ಫಾರಂ’ ಎಂದಿತ್ತು. ರೂಪ ಎತ್ತಿದಳು.

“ನೀನೇನವ್ವ ವಿಡಿಯೊದೋಳು? ಮಾದೇವಮ್ಮ ಇಲ್ಲೇ ಅವ್ಳೆ, ಗದ್ದೇಲಿ. ತಡೀನಾರ್ದೆ ನನ್ ಫೋನ್ಲಿ ಮಾಡುಸ್ತಾವ್ಳೆ. ಮೀಸೆ ಕಾಣ್ತಾ?”

“ಇನ್ನೂ ಇಲ್ಲಮ್ಮ. ಕಾಣ್ತದೆ ಅನ್ನಿ.”

“ಕಾಣ್ತದಂತೆ ಕಣ್ರೇ,” ಎಂದು ಶಿವನಂಜಮ್ಮ ಆ ಕಡೆ ಯಾರಿಗೋ ಕೂಗಿದ್ದು, ಕೆಸರಿನಲ್ಲಿ ನಿಂತ ಏಳೆಂಟು ಹೆಂಗಸರು ನಕ್ಕದ್ದು ಇಲ್ಲಿಗೆ ಕೇಳಿಸಿತು. ಇಷ್ಟು ಜನ ಒಂದು ಮೀಸೆಗೆ ಕಾದಿದ್ದಾರೆಂದು ರೂಪಳಿಗೆ ಆಗ ತಿಳಿಯಿತು. ತಿಳಿದು ಖುಷಿಯೂ ಆಯಿತು. ನಲವತ್ತು ಜಿಬಿಯ ಮದುವೆಗಳನ್ನು ಎಷ್ಟೋ ಮಾಡಿಕೊಟ್ಟಿದ್ದಳು, ಯಾರೂ ಹೀಗೆ ಕಾದಿರಲಿಲ್ಲ.

ಮೂರನೆಯ ಸಲಕ್ಕೆ ಅವಳು ಅವಸರ ಬಿಟ್ಟಳು. ಎಲ್ಲ ಫೋನಿಗೂ ಗೊತ್ತಿರುವ ಹಳೆಯ ಕೋಡೆಕ್ ಹಾಕಿದಳು. ಸೆಕೆಂಡಿಗೆ ಐವತ್ತು ಚಿತ್ರಗಳಿದ್ದದ್ದನ್ನು ಇಪ್ಪತ್ತೈದಕ್ಕೆ ತಂದಳು. ಶಾಮಿಯಾನದ ಕತ್ತಲಿನಲ್ಲಿ ಮರಳಿನಂತೆ ಕುಣಿಯುತ್ತಿದ್ದ ಕಾಳುಗಳನ್ನು ಒರೆಸಿದಳು, ಏಕೆಂದರೆ ಯಾರಿಗೂ ಬೇಡವಾದ ಆ ಮರಳೂ ಪಡಿ ತಿನ್ನುತ್ತದೆ. ಧ್ವನಿಯನ್ನು ಮಾತ್ರ ಮುಟ್ಟಲಿಲ್ಲ. ಕೊನೆಗೆ, ಎಲ್ಲ ಕಡೆಗೂ ಒಂದೇ ಪಡಿ ಎಂಬ ಲೆಕ್ಕವನ್ನು ಬಿಟ್ಟು, ಎರಡು ಸುತ್ತಿನದನ್ನು ಆರಿಸಿದಳು. ಮೊದಲ ಸುತ್ತಿನಲ್ಲಿ ಕಂಪ್ಯೂಟರು ಮದುವೆಯನ್ನೆಲ್ಲ ಒಮ್ಮೆ ನೋಡಿಕೊಂಡು ಬರುತ್ತದೆ, ಎಲ್ಲಿ ಗದ್ದಲ, ಎಲ್ಲಿ ಸುಮ್ಮನಿದ್ದಾರೆ ಎಂದು. ಎರಡನೆಯ ಸುತ್ತಿನಲ್ಲಿ ಸುಮ್ಮನಿರುವ ಕಡೆಯಿಂದ ಉಳಿಸಿ, ಗದ್ದಲದ ಕಡೆಗೆ ಬಡಿಸುತ್ತದೆ.

ಎರಡು ಪಟ್ಟು ಹೊತ್ತು ಹಿಡಿಯಿತು. ಫೈಲು ಒಂದು ಜಿಬಿಗೆ ಕೂದಲೆಳೆಯಷ್ಟು ಒಳಗೆ ಬಂದು ನಿಂತಿತು. ಫೋನಿನಲ್ಲಿ ಹಾಕಿ ನೋಡಿದಾಗ ರೂಪಳಿಗೆ ನಗು ತಡೆಯಲಾಗಲಿಲ್ಲ. ಮುಕ್ಕಾಲಿ ಮೇಲೆ ಅಲ್ಲಾಡದೆ ನಿಂತ ಕ್ಯಾಮೆರಾದ ದೆಸೆಯಿಂದ ಕೊನೇ ಪಂಕ್ತಿ ಎಲ್ಲಕ್ಕಿಂತ ಕಡಿಮೆ ಪಡಿಯಲ್ಲಿ, ಎಲ್ಲಕ್ಕಿಂತ ನಿಚ್ಚಳವಾಗಿ ಬಂದಿತ್ತು. ಪುಟ್ಟಸ್ವಾಮಿಯ ಮೀಸೆಯ ತುದಿಗೆ ಸಾರು ಹತ್ತಿದ್ದೂ ಕಾಣುತ್ತಿತ್ತು.

“ನಾನ್ ಉಣ್ಣಾಕ್ ಕುಂತಿದ್ಕೇ ಅಲ್ವಾ ಕ್ಯಾಮ್ರಾ ಅಲ್ಲಾಡ್ದಿದ್ದು,” ಎಂದ ಶಶಿಧರ್. ಈ ಸಲ ರೂಪ ನಕ್ಕುಬಿಟ್ಟಳು.

ಭಾನುವಾರ ಎಲ್ಲರೂ ಒಂದೇ ವ್ಯಾನಿನಲ್ಲಿ ಹೊರಟರು. ಪಕ್ಕದ ಎಲೆಯಲ್ಲಿ ಕೂತು ಉಂಡ ಶಶಿಧರನೇ ಸಾಕ್ಷಿ ಎಂದು ಮಹದೇವಮ್ಮ ಅವನನ್ನು ಎಳೆದುಕೊಂಡು ಬಂದಿದ್ದಳು. ಅವನು ಬಂದರೆ ಊಟದ ಮೇಲೆ ಕಣ್ಣಿಡಬೇಕೆಂದು ರೂಪಳೂ ಬಂದಳು. ಮಳವಳ್ಳಿ ದಾಟಿದ ಮೇಲೆ ಲಿಂಗಯ್ಯ ಹಿಂದಿನ ಸೀಟಿಗೆ ಸರಿದು ಕೂತ. ಊರು ಬಂದಾಗ ಶೋಭಾರಾಣಿ ಗಂಡನಿಗೆ, “ಮಾವ ಬಯ್ದ್ರೆ ನೀವು ಸುಮ್ನೆ ನಕ್ಬುಡಿ,” ಎಂದು ಪಾಠ ಹೇಳಿಕೊಟ್ಟಳು.

ಪುಟ್ಟಸ್ವಾಮಿ ಜಗುಲಿಯ ಮೇಲೆ ಕೂತು ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ. ತಲೆ ಎತ್ತಲಿಲ್ಲ. ಮದುಮಕ್ಕಳು ಕಾಲಿಗೆ ಬಿದ್ದಾಗ ಎಡಗೈ ಎತ್ತಿ ಹರಸಿದ, ಬಲಗೈ ಸೊಪ್ಪು ಕತ್ತರಿಸುತ್ತಲೇ ಇತ್ತು. ಆಮೇಲೆ ಒಳಗಿದ್ದ ಹೆಂಡತಿಗೆ ಕೇಳುವ ಹಾಗೆ ಹೇಳಿದ:

“ಒಂಬಾಳಿ, ಮಕ್ಳಿಗೆ ಮಜ್ಗೆ ಕೊಡು. ಮಿಕ್ಕೋರು ಯಾಕ್ ಬಂದವ್ರೆ ಕೇಳು.”

“ಮದ್ವೆ ವಿಡಿಯೊ ತಂದಿವ್ನಿ ಅಂತ ಏಳತ್ಗೆ,” ಎಂದಳು ಮಹದೇವಮ್ಮ, ಅವಳೂ ಒಳಬಾಗಿಲ ಕಡೆಗೇ ಮುಖ ಮಾಡಿ.

ಜಗುಲಿಯ ಕಂಬಕ್ಕೆ ಫೋನನ್ನು ಒರಗಿಸಿ ಹಾಕಿದರು. ಹೊಂಬಾಳಮ್ಮ ಬಂದು ಕೂತಳು, ಅಕ್ಕಪಕ್ಕದವರು ಬಂದು ಕೂತರು. ಚಪ್ಪರ ಬಂತು, ಎಣ್ಣೆಶಾಸ್ತ್ರ ಬಂತು, ಧಾರೆ ಬಂತು. ಪುಟ್ಟಸ್ವಾಮಿ ಒಂದನ್ನೂ ನೋಡಲಿಲ್ಲ. ಸೊಪ್ಪು ಎಂದಿಗಿಂತ ಸಣ್ಣಗೆ ಬೀಳುತ್ತಿತ್ತು, ಅಷ್ಟೆ. ಬೀಗರೂಟ ಶುರುವಾಯಿತು. ಒಂದು ಪಂಕ್ತಿ, ಎರಡು ಪಂಕ್ತಿ. ಮಹದೇವಮ್ಮ ಅಣ್ಣನನ್ನೇ ನೋಡುತ್ತಿದ್ದಳು. ಇವನು ನೋಡದೇ ಹೋದರೆ ಮೀಸೆ ಎಷ್ಟು ಚೆನ್ನಾಗಿ ಬಂದರೇನು ಎಂದು ರೂಪ ಫೋನಿನ ಧ್ವನಿ ಏರಿಸಿದಳು.

“ಇನ್ನೊಂದು ಮುದ್ದೆ ಇಕ್ಲಾ. ಸಾರು ಮೇಲ್ಗಡೆದಲ್ಲ, ತಳದ್ದು ಬುಡು.”

ಕುಡುಗೋಲು ನಿಂತಿತು. ಪುಟ್ಟಸ್ವಾಮಿ ತನ್ನ ಧ್ವನಿ ತನ್ನ ಜಗುಲಿಯಲ್ಲೇ ಎಲ್ಲಿಂದ ಬಂತೆಂದು ತಲೆ ಎತ್ತಿ ನೋಡಿದ. ಪರದೆಯ ಮೇಲಿನ ಪುಟ್ಟಸ್ವಾಮಿ ಮುದ್ದೆ ಮುರಿಯುತ್ತಿದ್ದ.

“ಅದು ನಾನಲ್ಲ,” ಎಂದ.

“ಮತ್ಯಾರು? ನಿಮ್ಮ ಟವೆಲ್ ಆಕ್ಕಂಡು ಬಂದಿದ್ನಾ?” ಎಂದಳು ಹೊಂಬಾಳಮ್ಮ. ನೆರೆಯವರು ನಕ್ಕರು. ಪುಟ್ಟಸ್ವಾಮಿ ದಿಕ್ಕುಗಾಣದೆ ಶಶಿಧರನ ಕಡೆ ತಿರುಗಿದ. “ಯಾವಾಗ್ಲಾ ತೆಗ್ದೆ ಇದ್ನ? ನನ್ ಪಕ್ದಲ್ಲೇ ಮೂರು ಮುದ್ದೆ ಕತ್ತರುಸ್ತಾ ಕುಂತಿದ್ದಲ್ಲ ನೀನು.”

ಅಲ್ಲಿಗೆ ಮುಗಿಯಿತು. ಜಗುಲಿಯ ಮೇಲಿದ್ದವರೆಲ್ಲ ಒಟ್ಟಿಗೆ ನಕ್ಕರು, ಹೊಸ ಅಳಿಯ ಪಾಠ ಹೇಳಿಸಿಕೊಂಡದ್ದಕ್ಕಿಂತ ಹೆಚ್ಚೇ ನಕ್ಕ. ಲಿಂಗಯ್ಯ, “ನಾನ್ ಏಳ್ನಿಲ್ವಾ ಉಂಡ ಅಂತ,” ಎಂದು ಎಲ್ಲರಿಗೂ ಒಬ್ಬೊಬ್ಬರಿಗೇ ಹೇಳತೊಡಗಿದ. ಪುಟ್ಟಸ್ವಾಮಿಯ ಮೀಸೆ ಅದುರಿತು, ಸಿಟ್ಟಿಗೋ ನಗೆಗೋ ತಿಳಿಯುವ ಮೊದಲೇ ಅವನು ಎದ್ದು, ಕೈಯನ್ನು ಪಂಚೆಗೆ ಒರೆಸಿಕೊಂಡು, ಫೋನನ್ನು ಎತ್ತಿಕೊಂಡ.

“ಇದ್ನ ಇಂದಕ್ ತಿರುಗ್ಸು. ಧಾರೆ ತಾವ್ಕೆ,” ಎಂದು ರೂಪಳಿಗೆ ಹೇಳಿದ.

ರೂಪ ಹಿಂದಕ್ಕೆ ಎಳೆದು ಕೊಟ್ಟಳು. ಪುಟ್ಟಸ್ವಾಮಿ ಬಾಗಿಲ ಬೆಳಕಿಗೆ ಬಂದು ಕೂತು, ಫೋನನ್ನು ಮುಖದ ಹತ್ತಿರ ಹಿಡಿದುಕೊಂಡ. ಓಲಗ ಜೋರಾಯಿತು. ನಾಲ್ಕೂ ಕಡೆಯಿಂದ ಅಕ್ಷತೆ ಹಾರಿ ಬಂದು ಶೋಭಾರಾಣಿಯ ಮೇಲೆ ಬಿತ್ತು. ಎರಡು ಸುತ್ತಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಪಡಿ ತಿಂದದ್ದು ಈ ಗಳಿಗೆಯೇ. ಒಂದು ಕಾಳೂ ಇನ್ನೊಂದಕ್ಕೆ ಅಂಟಿಕೊಂಡಿರಲಿಲ್ಲ. ಶೋಭಾರಾಣಿ ತಲೆ ಎತ್ತಿ ಜನರ ನಡುವೆ ಯಾರನ್ನೋ ಹುಡುಕುತ್ತಿದ್ದಳು. ಅವಳ ರೆಪ್ಪೆಯ ಮೇಲೆ ಒಂದು ಅರಿಶಿನದ ಅಕ್ಕಿಕಾಳು ಸಿಕ್ಕಿಕೊಂಡಿತ್ತು.

ಪುಟ್ಟಸ್ವಾಮಿ ಅದನ್ನು ತೆಗೆಯಲು ಹೆಬ್ಬೆರಳು ಚಾಚಿದ. ಬೆರಳು ಪರದೆಗೆ ತಾಗಿ ಚಿತ್ರ ನಿಂತುಬಿಟ್ಟಿತು. ಇನ್ನೊಮ್ಮೆ ಒರೆಸಿದ. ಸೊಪ್ಪಿನ ಹಸಿರು ಗಾಜಿಗೆ ಹತ್ತಿತು, ಕಾಳು ಅಲ್ಲೇ ಇತ್ತು. ಅವನು ಫೋನನ್ನು ಆಚೆ ಈಚೆ ತಿರುಗಿಸಿ ನೋಡಿದ, ರೂಪಳ ಕಡೆ ನೋಡಲಿಲ್ಲ, ಹೊಂಬಾಳಮ್ಮನ ಕಡೆಯೂ ನೋಡಲಿಲ್ಲ.

“ಮಾದೇವಿ, ನಿಂತೋಯ್ತು ನೋಡು,” ಎಂದ. “ಬಾ ಇಲ್ಲಿ. ಓಡ್ಸು.”

ಮಹದೇವಮ್ಮ ಎದ್ದು ಹೋಗಿ ಅಣ್ಣನ ಪಕ್ಕದಲ್ಲಿ, ಬಾಗಿಲ ಚೌಕಟ್ಟಿಗೆ ಒರಗಿ ಕೂತಳು. ಫೋನು ಸಣ್ಣದಾದ್ದರಿಂದ ಇಬ್ಬರೂ ತಲೆ ತಾಗುವಷ್ಟು ಬಗ್ಗಬೇಕಾಯಿತು.